ಮುಂಬಯಿಯ ಸೆಕೆ ಮತ್ತು ಏಸಿಯ ನೀರು

ಎಂಟು ವರ್ಷಗಳ ಹಿಂದೆ ಮುಂಬಯಿಯ ಮುಲುಂಡಿನ ಈ ಮನೆಗೆ ಬಂದ ಮೊದಲ ಬೇಸಿಗೆಯಲ್ಲಿ, ಗದಗದಿಂದ ಬಂದಿದ್ದ ನನ್ನ ಮಾವನವರು ರಾತ್ರಿಯಿಡೀ ಫ್ಯಾನಿನ ಕೆಳಗೆ ಹೊರಳಾಡಿ, ಬೆಳಗ್ಗೆ ಚಹಾ ಕುಡಿಯುತ್ತ, “ಅಳಿಯಂದಿರ, ಒಂದು ಕೂಲರ್ ತಂದು ಹಚ್ಚರಿ. ನಮ್ಮ ಕಡೆ ಕೂಲರ್ ಹಚ್ಚಿದ್ರ ನಸುಕಿನ್ಯಾಗ ಹೊದಕಿ ಬೇಕಾಕ್ಕೈತಿ” ಎಂದರು. ಹಿರಿಯರ ಮಾತನ್ನು ತೆಗೆದುಹಾಕಲಾರದೆ ಅದೇ ವಾರ ಕೂಲರ್ ತಂದೆವು. ಅದು ಎರಡು ಗಂಟೆ ಓಡುವಷ್ಟರಲ್ಲಿ ಹಾಸಿಗೆಯ ಮೇಲುಹೊದಿಕೆ ತೇವಗೊಂಡಿತು, ತಟ್ಟೆಯಲ್ಲಿ ಉಳಿದಿದ್ದ ಹಪ್ಪಳ ಬಟ್ಟೆಯಂತೆ ಮೆತ್ತಗಾಯಿತು, ಮಾವನವರು ಸದ್ದಿಲ್ಲದೆ ದಿಂಬು ಎತ್ತಿಕೊಂಡು ಹಾಲ್‌ಗೆ ಹೋಗಿ ಮಲಗಿದರು. ಆ ಕೂಲರ್ ಈಗ ಪುಣೆಯಲ್ಲಿರುವ ನನ್ನ ಭಾವಮೈದುನನ ಮನೆಯಲ್ಲಿದೆ. ಅಲ್ಲಿ ಏಪ್ರಿಲ್‌ನ ಒಣ ಬಿಸಿಲಿಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಗದಗದವರು ಬೇಸಿಗೆಯ ಬಾಧೆಯನ್ನು ಝಳ ಎನ್ನುತ್ತಾರೆ, ಕುಂದಾಪುರದ ಕಡೆಯವರಾದ ನಾವು ಸೆಕೆ ಎನ್ನುತ್ತೇವೆ. ಇವೆರಡೂ ಬೇರೆ ಬೇರೆ ಸಂಗತಿಗಳೆಂಬುದು ನನಗೆ ಮನವರಿಕೆಯಾದದ್ದು ಆ ಕೂಲರ್‌ನಿಂದ. ಝಳವಿರುವಲ್ಲಿ ಗಾಳಿ ಒಣಗಿರುತ್ತದೆ; ಕೂಲರ್‌ನ ಒದ್ದೆ ಪ್ಯಾಡಿನಲ್ಲಿರುವ ನೀರು ಬೇಗನೆ ಆವಿಯಾಗಿ, ಅದಕ್ಕೆ ಬೇಕಾದ ಶಾಖವನ್ನು ಗಾಳಿಯಿಂದಲೇ ಹೀರಿಕೊಂಡು ಅದನ್ನು ತಣಿಸುತ್ತದೆ. ಸೆಕೆಯ ಗಾಳಿಯಾದರೋ ಮೊದಲೇ ಹೊಟ್ಟೆ ತುಂಬ ನೀರು ಕುಡಿದಿರುತ್ತದೆ. 33 ಡಿಗ್ರಿ ಉಷ್ಣತೆ ಮತ್ತು ಶೇಕಡಾ 70ರ ತೇವಾಂಶವಿರುವ ಮೇ ತಿಂಗಳ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 25 ಗ್ರಾಂ ನೀರಾವಿ ಇರುತ್ತದೆ. ನಾವು ಹಿತವೆಂದುಕೊಳ್ಳುವ 25 ಡಿಗ್ರಿ, ಶೇಕಡಾ 50ರ ಗಾಳಿಯಲ್ಲಿ ಅದರ ಅರ್ಧಕ್ಕಿಂತಲೂ ಕಡಿಮೆ. ಹತ್ತು ಅಡಿಗೆ ಹನ್ನೊಂದು ಅಡಿಯ ನಮ್ಮ ಮಲಗುವ ಕೋಣೆಯನ್ನು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ತರಬೇಕಾದರೆ ಅದರೊಳಗಿನ ಗಾಳಿಯಿಂದಲೇ ನಾನೂರು ಗ್ರಾಂನಷ್ಟು ನೀರನ್ನು ಹಿಂಡಿ ತೆಗೆಯಬೇಕು. ಬಾಗಿಲ ಸಂದಿಯಿಂದ ನುಸುಳುವ ಹೊಸ ಗಾಳಿ, ಮಲಗಿದವರ ಉಸಿರು ಮತ್ತು ಬೆವರು ರಾತ್ರಿಯಿಡೀ ತರುವ ನೀರಿನ ಲೆಕ್ಕ ಬೇರೆ.

ಏಸಿ ಹುಟ್ಟಿದ್ದೇ ಈ ನೀರಿನ ಕಾಟದಿಂದ ಎಂಬುದನ್ನು ನಾವು ಮರೆತುಬಿಡುತ್ತೇವೆ. 1902ರಲ್ಲಿ ಅಮೆರಿಕದ ವಿಲಿಸ್ ಕ್ಯಾರಿಯರ್ ತನ್ನ ಮೊದಲ ಯಂತ್ರವನ್ನು ರೂಪಿಸಿದ್ದು ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕಾಗಿ. ಅಲ್ಲಿ ಕಾಗದ ತೇವಕ್ಕೆ ಹಿಗ್ಗಿ ಕುಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಮುಂಬಯಿಯಲ್ಲಿ ಏಸಿ ಕೊಳ್ಳುವವರು ಈ ಯಂತ್ರವನ್ನು ಮೊದಲು ನೀರು ತೆಗೆಯುವ ಸಾಧನವೆಂದೂ ಆಮೇಲೆ ತಂಪು ಮಾಡುವ ಸಾಧನವೆಂದೂ ಭಾವಿಸಿದರೆ, ಆಯ್ಕೆಯಿಂದ ರಿಪೇರಿಯವರೆಗೆ ಅನೇಕ ಗೊಂದಲಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ನಾನು ಹಾಗೆ ಭಾವಿಸದೆ ಕೊಂಡ ಮೊದಲ ಏಸಿಯ ಕತೆಯಿಂದಲೇ ಆರಂಭಿಸುತ್ತೇನೆ.

ಅಂಗಡಿಯವನು ಒಂದೂವರೆ ಟನ್ ತೆಗೆದುಕೊಳ್ಳಿ ಎಂದ, ದೊಡ್ಡದಿದ್ದರೆ ಒಳ್ಳೆಯದೇ ತಾನೆ ಎಂದು ನಾನೂ ತಲೆಯಾಡಿಸಿದೆ. ಟನ್ ಎಂಬುದು ಯಂತ್ರದ ತೂಕವಲ್ಲ. 2,000 ಪೌಂಡ್ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗಲು ಎಷ್ಟು ಶಾಖ ಬೇಕೋ ಅಷ್ಟನ್ನು ಕೋಣೆಯಿಂದ ಹೊರಹಾಕಬಲ್ಲ ಸಾಮರ್ಥ್ಯಕ್ಕೆ ಒಂದು ಟನ್ ಎಂದು ಹೆಸರು. ಗಂಟೆಗೆ 12,000 ಬಿಟಿಯು (ಶಾಖವನ್ನು ಅಳೆಯುವ ಒಂದು ಮಾನ), ಅಥವಾ ಸುಮಾರು ಮೂರೂವರೆ ಕಿಲೋವ್ಯಾಟ್. ನೂರಹತ್ತು ಚದರಡಿಯ ಕೋಣೆಗೆ ಒಂದೂವರೆ ಟನ್ ಹಾಕಿದಾಗ ಏನಾಯಿತೆಂದರೆ, ಹತ್ತು ನಿಮಿಷದೊಳಗೆ ಗಾಳಿ 24 ಡಿಗ್ರಿಗೆ ಇಳಿಯುತ್ತಿತ್ತು, ತಂಪಿನ ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ನಿಂತುಬಿಡುತ್ತಿತ್ತು, ಆದರೆ ಒಳಗಿನ ಫ್ಯಾನ್ ತಿರುಗುತ್ತಲೇ ಇದ್ದು ಕಾಯಿಲ್ ಎಂಬ ತಣ್ಣನೆಯ ಕೊಳವೆಸುರುಳಿಯ ಮೇಲೆ ಆಗಷ್ಟೇ ಹನಿಗಟ್ಟಿದ್ದ ನೀರನ್ನು ಮತ್ತೆ ಕೋಣೆಗೇ ಊದುತ್ತಿತ್ತು. ಮೈ ತಣ್ಣಗೆ, ಆದರೆ ಅಂಟಂಟು. ಮಳೆಗಾಲದಲ್ಲಿ ಒಣಗದ ಬಟ್ಟೆ ತೊಟ್ಟಂಥ ಅನುಭವ. ಅದಕ್ಕೆ ನಾವು ಕಂಡುಕೊಂಡ ಉಪಾಯವೆಂದರೆ 20ಕ್ಕೆ, 18ಕ್ಕೆ ಇಳಿಸುವುದು, ಆಮೇಲೆ ರಜಾಯಿ ಹೊದೆಯುವುದು. ಮಾವನವರು ಹೇಳಿದ ಹೊದಿಕೆಯೇನೋ ಕೊನೆಗೂ ಬಂತು, ಜೊತೆಗೆ ವಿದ್ಯುತ್ ಬಿಲ್ಲೂ ಬಂತು.

ಸಾಮಾನ್ಯ ಅಂದಾಜಿನಂತೆ 120 ಚದರಡಿಯವರೆಗಿನ ಕೋಣೆಗೆ ಒಂದು ಟನ್, 180ರವರೆಗೆ ಒಂದೂವರೆ ಟನ್ ಸಾಕು. ಆದರೆ ಚದರಡಿಯಷ್ಟನ್ನೇ ನೋಡುವುದು ಅರೆ ಲೆಕ್ಕ. ಮೇಲಿನ ಮಹಡಿಯಲ್ಲಿದ್ದು ತಲೆಯ ಮೇಲೆ ಬಿಸಿಲಿಗೆ ಕಾದ ಟೆರೇಸ್ ಇದ್ದರೆ, ಪಶ್ಚಿಮದ ಗೋಡೆಗೆ ಸಂಜೆಯವರೆಗೆ ಬಿಸಿಲು ಬಡಿಯುತ್ತಿದ್ದರೆ, ದೊಡ್ಡ ಗಾಜಿನ ಕಿಟಕಿಯಿದ್ದರೆ ಅಥವಾ ಹಾಲ್‌ಗೆ ಅಂಟಿಕೊಂಡೇ ತೆರೆದ ಅಡುಗೆಮನೆಯಿದ್ದರೆ ಒಂದು ಮೆಟ್ಟಿಲು ಮೇಲೇರುವುದು ಸರಿ. ಸುಮ್ಮನೆ ಕುಳಿತ ಒಬ್ಬ ಮನುಷ್ಯನೇ ಸುಮಾರು ನೂರು ವ್ಯಾಟ್ ಶಾಖ ಬಿಡುವುದರಿಂದ ಎಷ್ಟು ಜನ ಮಲಗುತ್ತಾರೆ ಎಂಬುದನ್ನೂ ಎಣಿಸಬೇಕು. ಇಂದಿನ ಇನ್ವರ್ಟರ್ ಏಸಿಗಳು ಕಂಪ್ರೆಸರಿನ ವೇಗವನ್ನು ತಗ್ಗಿಸಿಕೊಂಡು ನಿಲ್ಲದೆ ಓಡುವುದರಿಂದ ತಣ್ಣಗಿದ್ದೂ ಅಂಟಂಟಾಗುವ ಈ ತೊಂದರೆ ಬಹಳ ಮಟ್ಟಿಗೆ ಕಡಿಮೆಯಾಗಿದೆ, ನಿಜ. ಆದರೂ ಅವುಗಳ ವೇಗಕ್ಕೊಂದು ಕೆಳಮಿತಿಯಿದೆ. ಅತಿ ದೊಡ್ಡ ಇನ್ವರ್ಟರ್ ಏಸಿ ಸಣ್ಣ ಕೋಣೆಯಲ್ಲಿ ನಿಧಾನವಾಗಿ ಓಡುವಾಗ ಕಾಯಿಲ್ ಸಾಕಷ್ಟು ತಣ್ಣಗಾಗದೆ ನೀರು ಸರಿಯಾಗಿ ಇಳಿಯುವುದಿಲ್ಲ.

ಮೂರು ವರ್ಷಗಳ ಹಿಂದೆ ಹಳೆಯದನ್ನು ಮಾರಿ ಒಂದು ಟನ್ನಿನ ಇನ್ವರ್ಟರ್ ತಂದೆ. ವಿದ್ಯುತ್ ಉಳಿತಾಯವನ್ನು ಸೂಚಿಸಲು ಏಸಿಯ ಮೇಲೆ ಅಂಟಿಸುವ ಪಟ್ಟಿಯ ನಕ್ಷತ್ರಗಳ ಬಗ್ಗೆ ಹೇಳುವುದಾದರೆ, ಎಷ್ಟು ನಕ್ಷತ್ರ ಎಂಬುದಕ್ಕಿಂತ ಆ ಪಟ್ಟಿಯ ಮೇಲಿರುವ ಐಎಸ್‌ಇಇಆರ್ ಎಂಬ ದಕ್ಷತೆಯ ಅಂಕಿಯನ್ನೂ ವಾರ್ಷಿಕ ಯೂನಿಟ್ಟುಗಳನ್ನೂ ಓದುವುದು ಹೆಚ್ಚು ಉಪಯುಕ್ತ, ಏಕೆಂದರೆ ನಕ್ಷತ್ರಗಳ ಮಾನದಂಡವನ್ನು ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ, ಅಂದರೆ ಬಿಇಇ, ಆಗಾಗ ಬಿಗಿಗೊಳಿಸುವುದರಿಂದ ಹಿಂದಿನ ಐದು ನಕ್ಷತ್ರ ಇಂದಿನ ನಾಲ್ಕೋ ಮೂರೋ ಆಗಿರಬಹುದು. ಆ ಯೂನಿಟ್ಟುಗಳ ಲೆಕ್ಕ ವರ್ಷಕ್ಕೆ 1,600 ಗಂಟೆಗಳ ಬಳಕೆಯದು. ನಮ್ಮ ಮನೆಯಲ್ಲಿ ಮಾರ್ಚ್‌ನಿಂದ ಜೂನ್‌ವರೆಗೆ ಮತ್ತು ಅಕ್ಟೋಬರ್‌ನಲ್ಲಿ ರಾತ್ರಿ ಎಂಟು ಗಂಟೆ ಓಡಿಸಿದರೆ 1,200 ಗಂಟೆಗಳಾಗುತ್ತವೆ. ಪಟ್ಟಿಯ ಅಂಕಿಯ ಮುಕ್ಕಾಲು ಭಾಗವೆಂದು ಅಂದಾಜು ಮಾಡಿಕೊಂಡು ಮೂರು ನಕ್ಷತ್ರಕ್ಕೂ ಐದಕ್ಕೂ ಇರುವ ಬೆಲೆಯ ಅಂತರ ಎಷ್ಟು ವರ್ಷಗಳಲ್ಲಿ ಮರಳುತ್ತದೆಂದು ನೋಡಿದೆ. ನಮ್ಮ ಮುಲುಂಡಿಗೆ ವಿದ್ಯುತ್ ಕೊಡುವ ಮಹಾವಿತರಣದ ದರಪಟ್ಟಿ 100, 300, 500 ಯೂನಿಟ್ಟುಗಳ ಮೆಟ್ಟಿಲುಗಳಲ್ಲಿ ಏರುತ್ತದೆ. ಏಸಿಯ ಯೂನಿಟ್ಟುಗಳು ಫ್ರಿಜ್, ಫ್ಯಾನುಗಳ ಮೇಲೆ ಕೂರುವುದರಿಂದ ಅವು ಯಾವಾಗಲೂ ಮೇಲಿನ ಮೆಟ್ಟಿಲಿನ ದರದಲ್ಲೇ ಲೆಕ್ಕಕ್ಕೆ ಸೇರುತ್ತವೆ. ಹೀಗಾಗಿ ನನಗೆ ಐದು ನಕ್ಷತ್ರವೇ ಒಪ್ಪಿಗೆಯಾಯಿತು. ವರ್ಷಕ್ಕೆ ಒಂದೆರಡು ತಿಂಗಳು ಮಾತ್ರ ಬಳಸುವ ಅತಿಥಿಕೋಣೆಗೆ ನಾನು ಮೂರನ್ನೇ ಕೊಳ್ಳುತ್ತಿದ್ದೆ.

ವೈಫೈ, ಅಯಾನೈಸರ್ ಮೊದಲಾದವುಗಳ ಬಗ್ಗೆ ನನ್ನಲ್ಲಿ ಹೇಳುವಂಥದ್ದೇನಿಲ್ಲ. ಕಾಯಿಲ್ ಮಾತ್ರ ತಾಮ್ರದ್ದಿರಲಿ ಮತ್ತು ಅದಕ್ಕೆ ಜೋಡಿಸಿದ ತೆಳು ಲೋಹದ ರೆಕ್ಕೆಗಳ ಮೇಲೆ ಸವೆತ ತಡೆಯುವ ಲೇಪನವಿರಲಿ. ವರ್ಸೋವಾದಲ್ಲಿ ಕಡಲಿಗೆ ಮುಖ ಮಾಡಿರುವ ನನ್ನ ಚಿಕ್ಕಪ್ಪನ ಮನೆಯ ಔಟ್‌ಡೋರ್ ಯೂನಿಟ್ಟಿನ ಹಿಂಬದಿಯ ಅಲ್ಯೂಮಿನಿಯಂ ರೆಕ್ಕೆಗಳು ಐದೇ ವರ್ಷಗಳಲ್ಲಿ ಮುಟ್ಟಿದರೆ ಉದುರುವ ಬೂದಿಯಂತಾಗಿದ್ದವು; ಅದು ಉಪ್ಪುಗಾಳಿಯ ಕೆಲಸ. ಕಡಲಿಲ್ಲದಿದ್ದರೂ ನಾಲೆಗಳ ಬದಿಯಲ್ಲಿರುವವರು ನಿಶ್ಚಿಂತೆಯಿಂದಿರುವಂತಿಲ್ಲ, ಕೊಳಚೆಯಿಂದೇಳುವ ಗಂಧಕದ ಅನಿಲ ತಾಮ್ರವನ್ನು ಕಪ್ಪಾಗಿಸಿ ಕೊರೆಯುತ್ತದೆ.

ಈಗ ಅಳವಡಿಕೆಯ ವಿಷಯ. ಒಳ್ಳೆಯ ಏಸಿಯನ್ನು ಕೆಡಿಸಲು ಎರಡು ಗಂಟೆಯ ಅವಸರದ ಕೆಲಸ ಸಾಕು ಎಂಬುದು ನನ್ನ ಅನುಭವದ ಮಾತಾದ್ದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಮೊದಲ ಬಾರಿ ಬಂದ ಹುಡುಗರು ಇಬ್ಬರು; ಆ ದಿನ ಅದು ಅವರ ಐದನೆಯ ಮನೆ. ತಾಮ್ರದ ಪೈಪಿನ ತುದಿಯನ್ನು ಕತ್ತರಿಸಿ, ಅದರ ಬಾಯಿಯನ್ನು ಕಹಳೆಯಂತೆ ಅಗಲಿಸಿ, ಹಿತ್ತಾಳೆಯ ನಟ್ಟಿನಿಂದ ಯಂತ್ರಕ್ಕೆ ಬಿಗಿಯುವುದನ್ನು ಅವರು ಫ್ಲೇರ್ ಮಾಡುವುದು ಎನ್ನುತ್ತಾರೆ. ಆ ಅಗಲಿಸಿದ ಅಂಚು ಕನ್ನಡಿಯಂತೆ ನುಣುಪಾಗಿರಬೇಕು. ಕತ್ತರಿಸಿದಾಗ ಒಳಗೆ ಏಳುವ ಸಿಬಿರನ್ನು ಕೆರೆದು ತೆಗೆಯದೆ ಅಗಲಿಸಿದರೆ ಅಂಚಿನಲ್ಲಿ ಕೂದಲಿನಷ್ಟು ಸಣ್ಣ ಗೀರು ಉಳಿಯುತ್ತದೆ, ಅದರ ಮೂಲಕ ಗ್ಯಾಸ್ ವರ್ಷಗಟ್ಟಲೆ ಸೋರುತ್ತದೆ. ಆ ಹುಡುಗರು ಸಿಬಿರು ಕೆರೆಯಲಿಲ್ಲ. ಪೈಪಿನೊಳಗಿನ ಗಾಳಿಯನ್ನು ತೆಗೆಯಲು ವ್ಯಾಕ್ಯೂಮ್ ಪಂಪನ್ನೂ ತಂದಿರಲಿಲ್ಲ. ವಾಲ್ವನ್ನು ಕೊಂಚ ತಿರುಗಿಸಿ ಒಂದಿಷ್ಟು ಗ್ಯಾಸನ್ನು ‘ಫುಸ್’ ಎಂದು ಹೊರಬಿಟ್ಟು, ಗಾಳಿ ಹೋಯಿತು ಎಂದರು.

ಗಾಳಿಯ ಬಹುಭಾಗ ಹೋಗಿರಬಹುದು, ಆದರೆ ಪೈಪಿನ ಒಳಮೈಗೆ ಅಂಟಿದ ತೇವ ಹಾಗೆ ಹೋಗುವುದಿಲ್ಲ. ಮುಂಬಯಿಯ ಗಾಳಿ ತುಂಬಿದ್ದ ಪೈಪಿನಲ್ಲಿ ನೀರು ಇದ್ದೇ ಇರುತ್ತದೆ, ಅದು ಕಂಪ್ರೆಸರಿನ ಎಣ್ಣೆಯೊಂದಿಗೆ ಸೇರಿ ಆಮ್ಲವಾಗಿ ಒಳಗಿನಿಂದಲೇ ಯಂತ್ರವನ್ನು ತಿನ್ನುತ್ತದೆ. ಪಂಪ್ ಹಚ್ಚಿ ಇಪ್ಪತ್ತು, ಮೂವತ್ತು ನಿಮಿಷ ನಿರ್ವಾತಗೊಳಿಸಿದಾಗ, ಒತ್ತಡ ತೀರ ಕುಸಿದು ಆ ನೀರು ಕೋಣೆಯ ಉಷ್ಣತೆಯಲ್ಲೇ ಕುದಿದು ಆವಿಯಾಗಿ ಹೊರಬೀಳುತ್ತದೆ. ಎರಡನೆಯ ಬಾರಿ ನಾನು ಮೊದಲೇ ಫೋನಿನಲ್ಲಿ, ಪಂಪ್ ಇಲ್ಲದಿದ್ದರೆ ಬರಬೇಡಿ ಎಂದು ಹೇಳಿಟ್ಟಿದ್ದೆ. ಬಂದ ನಡುವಯಸ್ಸಿನ ಮೆಕ್ಯಾನಿಕ್ ಪಂಪ್ ನಿಲ್ಲಿಸಿದ ಮೇಲೆ ಗೇಜಿನ ಮುಳ್ಳನ್ನು ಹತ್ತು ನಿಮಿಷ ನೋಡುತ್ತ ಕುಳಿತರು. ಅದು ಮೇಲೇರಿದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಅದು ಕದಲಲಿಲ್ಲ. ಆಗ ಮಾತ್ರ ಅವರು ಗ್ಯಾಸಿನ ವಾಲ್ವ್ ತೆರೆದು, ಚಹಾ ಕೇಳಿದರು.

ಇನ್ನು ನೀರಿನ ದಾರಿ. ಗೋಡೆಯಲ್ಲಿ ಕೊರೆಯುವ ತೂತು ಒಳಗಿನಿಂದ ಹೊರಕ್ಕೆ ಸ್ವಲ್ಪ ಇಳಿಜಾರಾಗಿರಬೇಕು, ಇನ್‌ಡೋರ್ ಯೂನಿಟ್ ಮಟ್ಟಗೋಲಿಗೆ ಸರಿಯಾಗಿ ಕೂರಬೇಕು, ಡ್ರೇನ್ ಪೈಪ್ ಎಲ್ಲಿಯೂ ಮೇಲೇರದೆ, ಹಾವಿನಂತೆ ಡೊಂಕಾಗದೆ ಇಳಿಯುತ್ತಲೇ ಹೋಗಬೇಕು. ತಾಮ್ರದ ಎರಡೂ ಪೈಪುಗಳಿಗೆ ಬೇರೆ ಬೇರೆಯಾಗಿ ಫೋಮ್ ಹೊದಿಕೆ ಇರಬೇಕು. ಬರಿದಾಗಿ ಬಿಟ್ಟ ತಣ್ಣನೆಯ ಪೈಪ್ ಈ ಊರಿನಲ್ಲಿ ಫ್ರಿಜ್ಜಿನಿಂದ ತೆಗೆದ ಬಾಟಲಿಯಂತೆ ಬೆವರಿ, ಸುಣ್ಣದ ಗೋಡೆಯ ಮೇಲೆ ನಕ್ಷೆ ಬಿಡಿಸುತ್ತದೆ. ಔಟ್‌ಡೋರ್ ಯೂನಿಟ್ಟನ್ನು ಎಲ್ಲಿಡುವುದೆಂಬುದಕ್ಕೆ ಕಟ್ಟಡದ ನಿವಾಸಿಗಳ ಸೊಸೈಟಿಯ ಅನುಮತಿ ಬೇಕೆಂಬುದು ಎಲ್ಲರಿಗೂ ಗೊತ್ತು. ಆದರೆ ಅದನ್ನು ರಿಪೇರಿ ಮಾಡಲು ಮನುಷ್ಯನೊಬ್ಬ ಅಲ್ಲಿಗೆ ಹೋಗಬೇಕು ಎಂಬುದನ್ನು ಯಾರೂ ಯೋಚಿಸುವುದಿಲ್ಲ. ನಮ್ಮ ಹಳೆಯ ಯೂನಿಟ್ ನಾಲ್ಕನೆಯ ಮಹಡಿಯ ಹೊರಗೋಡೆಯಲ್ಲಿ, ಕಿಟಕಿಯಿಂದ ಕೈಗೆಟುಕದಷ್ಟು ದೂರದಲ್ಲಿತ್ತು. ಸೊಂಟಕ್ಕೆ ಸಾದಾ ಹಗ್ಗ ಕಟ್ಟಿಕೊಂಡು ಹುಡುಗ ಆಚೆ ಇಳಿದಾಗ ನನ್ನ ಹೆಂಡತಿ ಕಣ್ಣುಮುಚ್ಚಿ ಅಡುಗೆಮನೆಗೆ ಹೋದಳು. ಹೊಸದನ್ನು ಬಾಲ್ಕನಿಯ ಗ್ರಿಲ್ಲಿನ ಒಳಗಿನಿಂದಲೇ ಎಟುಕುವಂತೆ ಇಟ್ಟಿದ್ದೇವೆ. ಪೈಪ್ ಎರಡು ಮೀಟರ್ ಹೆಚ್ಚಾಯಿತು, ಆಗಲಿ.

ಹಳೆಯ ಏಸಿಯ ಫ್ಲೇರ್ ಗೀರಿನ ಫಲ ಎರಡನೆಯ ಬೇಸಿಗೆಯಲ್ಲಿ ಕಾಣಿಸಿತು. ತಂಪು ಕುಗ್ಗಿತು, ಇನ್‌ಡೋರ್ ಕಾಯಿಲಿನ ಒಂದು ಮೂಲೆಯಲ್ಲಿ ಮಂಜುಗಡ್ಡೆ ಕಟ್ಟಿತು. ಬಂದವನು ಎರಡು ನಿಮಿಷ ನೋಡಿ, “ಗ್ಯಾಸ್ ಕಮ್ ಹೋ ಗಯಾ, ಸಾಬ್” ಎಂದ, ತುಂಬಿಸಿ ಹೋದ. ಮರುವರ್ಷವೂ ಅದೇ ಮಾತು, ಅದೇ ಬಿಲ್ಲು; ಅದರ ಮರುವರ್ಷವೂ. ಸ್ಕೂಟರಿನ ಪೆಟ್ರೋಲಿನಂತೆ ಗ್ಯಾಸ್ ಖರ್ಚಾಗುತ್ತದೆಂದು ನಾನೂ ನಂಬಿದ್ದೆ. ಗ್ಯಾಸ್ ಖರ್ಚಾಗುವುದಿಲ್ಲ; ಮುಚ್ಚಿದ ಕೊಳವೆಯಲ್ಲಿ ದ್ರವವಾಗಿ, ಆವಿಯಾಗಿ ಸುತ್ತುತ್ತಲೇ ಇರುತ್ತದೆ. ಅದು ಕಡಿಮೆಯಾಗಿದ್ದರೆ ಸೋರಿದೆ, ಸೋರಿದ್ದರೆ ತೂತಿದೆ, ತೂತು ಮುಚ್ಚದೆ ತುಂಬಿಸುವುದು ಒಡೆದ ಕೊಡಕ್ಕೆ ನೀರು ಹೊಯ್ದಂತೆ. ನಾಲ್ಕನೆಯ ವರ್ಷ ಬಂದವರು ನಟ್ಟಿನ ಸುತ್ತ ಧೂಳು ಹಿಡಿದ ಎಣ್ಣೆಯ ಕಲೆಯನ್ನು ಬೆರಳಿನಿಂದ ಒರಸಿ ತೋರಿಸಿದರು, ಪಾತ್ರೆ ತೊಳೆಯುವ ಸೋಪಿನ ನೊರೆ ಹಚ್ಚಿದರು; ಸಾಸಿವೆಗಾತ್ರದ ಗುಳ್ಳೆಯೊಂದು ಉಬ್ಬುತ್ತ, ಒಡೆಯುತ್ತ, ಮತ್ತೆ ಉಬ್ಬುತ್ತ ಇತ್ತು. ಮೂರು ವರ್ಷಗಳ ಹಣ ಹೋದದ್ದು ಆ ಗುಳ್ಳೆಯ ದಾರಿಯಲ್ಲಿ. ಗ್ಯಾಸ್ ತುಂಬಿಸುವಾಗಲೂ ಒತ್ತಡ ನೋಡಿ ಅಂದಾಜಿಗೆ ಬಿಡದೆ, ಹಳೆಯದನ್ನು ತೆಗೆದು, ನಿರ್ವಾತ ಮಾಡಿ, ಯಂತ್ರದ ಫಲಕದ ಮೇಲೆ ಬರೆದಿರುವಷ್ಟನ್ನು ತೂಕದ ಯಂತ್ರದಲ್ಲಿ ತೂಗಿಯೇ ಹಾಕಬೇಕು. ಹೊಸ ಏಸಿಗಳಲ್ಲಿರುವ ಆರ್-32 ಸ್ವಲ್ಪ ಮಟ್ಟಿಗೆ ಉರಿಯಬಲ್ಲ ಅನಿಲ, ಹಾಗಾಗಿ ಗಾಳಿಯಾಡದ ಕೋಣೆಯಲ್ಲಿ, ಉರಿಯುವ ದೀಪದ ಹತ್ತಿರ ಆ ಕೆಲಸ ಕೂಡದು.

ಮಂಜುಗಡ್ಡೆ ಕಂಡಾಕ್ಷಣ ಗ್ಯಾಸನ್ನೇ ದೂರಬಾರದು ಎಂಬುದನ್ನೂ ಹೇಳಬೇಕು. ಫಿಲ್ಟರ್ ಧೂಳಿನಿಂದ ಮುಚ್ಚಿಹೋದಾಗಲೂ ಕಾಯಿಲಿಗೆ ಬೆಚ್ಚನೆಯ ಗಾಳಿ ತಲುಪದೆ ಅದು ಹೆಪ್ಪುಗಟ್ಟುತ್ತದೆ, ಏಸಿ ನಿಲ್ಲಿಸಿದ ಮೇಲೆ ಆ ಮಂಜು ಕರಗಿ ಕೆಳಗಿನ ನೀರು ಹಿಡಿಯುವ ತಟ್ಟೆ ತುಂಬಿ ಹಾಸಿಗೆಯ ಮೇಲೆ ಸುರಿಯುತ್ತದೆ. ಆದ್ದರಿಂದ ಯಾರನ್ನೂ ಕರೆಯುವ ಮೊದಲು ಫಿಲ್ಟರನ್ನು ನಲ್ಲಿಯ ಕೆಳಗೆ ತೊಳೆದು ಒಣಗಿಸಿ ಹಾಕಿ ನೋಡಬೇಕು. ಬೇಸಿಗೆಯಲ್ಲಿ ನಾನು ಎರಡು ವಾರಕ್ಕೊಮ್ಮೆ ತೊಳೆಯುತ್ತೇನೆ. ಫಿಲ್ಟರ್ ಶುದ್ಧವಿದ್ದೂ ನೀರು ಒಳಗೆ ತೊಟ್ಟಿಕ್ಕಿದರೆ ಹತ್ತರಲ್ಲಿ ಒಂಬತ್ತು ಸಲ ಡ್ರೇನ್ ಕಟ್ಟಿರುತ್ತದೆ. ತಟ್ಟೆಯಲ್ಲಿ ಧೂಳು ಮತ್ತು ತೇವ ಸೇರಿ ಲೋಳೆಯಂಥದ್ದು ಬೆಳೆದು ಪೈಪಿನ ಬಾಯಲ್ಲಿ ಕೂರುತ್ತದೆ. ಪೈಪಿನ ಹೊರತುದಿ ಬಕೆಟ್ಟಿನ ನೀರಿನಲ್ಲಿ ಮುಳುಗಿದ್ದರೂ ಗಾಳಿ ಸಿಕ್ಕಿಹಾಕಿಕೊಂಡು ನೀರು ಹಿಂದಕ್ಕೆ ನಿಲ್ಲುತ್ತದೆ. ಇದನ್ನು ನಾನು ಕಂಡುಹಿಡಿದದ್ದು ಒಬ್ಬ ಮೆಕ್ಯಾನಿಕ್‌ಗೆ ಭೇಟಿಯ ಶುಲ್ಕ ಕೊಟ್ಟ ಅರ್ಧ ಗಂಟೆಯ ನಂತರ.

ಒಳಗಿನದೆಲ್ಲ ಸರಿಯಿದ್ದು ಮಧ್ಯಾಹ್ನ ಮಾತ್ರ ತಂಪು ಸಾಲದಿದ್ದರೆ ಹೊರಗೆ ನೋಡಬೇಕು. ಮುಂಬಯಿಯ ಪಾರಿವಾಳಗಳಿಗೆ ಔಟ್‌ಡೋರ್ ಯೂನಿಟ್ಟಿನ ಹಿಂದಿನ ಸಂದಿಗಿಂತ ಪ್ರಿಯವಾದ ಸ್ಥಳವಿಲ್ಲ. ಕಡ್ಡಿ, ಪುಕ್ಕ, ಹಿಕ್ಕೆ ಸೇರಿ ಕಾಯಿಲಿಗೆ ಕಂಬಳಿ ಹೊದಿಸಿದಂತಾಗಿ, ಕೋಣೆಯಿಂದ ತಂದ ಶಾಖವನ್ನು ಬಿಡಲು ಅದಕ್ಕೆ ದಾರಿಯಿಲ್ಲದಾಗುತ್ತದೆ. ಕಟ್ಟಡದ ನಡುವಿನ ಕಿರಿದಾದ ತೆರಪಿನಲ್ಲಿ, ಅಂದರೆ ಡಕ್ಟಿನಲ್ಲಿ, ನಾಲ್ಕು ಮನೆಗಳ ಯೂನಿಟ್ಟುಗಳು ಮುಖಾಮುಖಿಯಾಗಿದ್ದರೆ ಒಬ್ಬರ ಬಿಸಿಗಾಳಿಯನ್ನೇ ಇನ್ನೊಬ್ಬರು ಉಸಿರಾಡುತ್ತಾರೆ, ಅದಕ್ಕೆ ಮೆಕ್ಯಾನಿಕ್‌ನಲ್ಲಿ ಔಷಧವಿಲ್ಲ. ನಾನು ಒಂದು ಸಾದಾ ಥರ್ಮಾಮೀಟರ್ ಇಟ್ಟುಕೊಂಡಿದ್ದೇನೆ. ಏಸಿ ಕಾಲು ಗಂಟೆ ಜೋರಾಗಿ ಓಡಿದ ಮೇಲೆ ಅದು ಒಳಗೆಳೆಯುವ ಗಾಳಿಗೂ ಹೊರಬಿಡುವ ಗಾಳಿಗೂ ಎಂಟರಿಂದ ಹನ್ನೆರಡು ಡಿಗ್ರಿಗಳ ಅಂತರವಿದ್ದರೆ ಯಂತ್ರ ತನ್ನ ಕೆಲಸ ಮಾಡುತ್ತಿದೆ, ದೋಷ ಕೋಣೆಯಲ್ಲಿದೆ ಎಂದು ತಿಳಿಯುತ್ತೇನೆ. ಇನ್ವರ್ಟರ್ ಅಲ್ಲದ ಹಳೆಯ ಏಸಿಯಲ್ಲಿ ಹೊರಗಿನ ಫ್ಯಾನ್ ತಿರುಗುತ್ತಿದ್ದು ಕಂಪ್ರೆಸರ್ ಮಾತ್ರ ಗುಂಯ್‌ಗುಟ್ಟಿ ಸುಮ್ಮನಾದರೆ ಬಹುಪಾಲು ಅದನ್ನು ಚಾಲೂ ಮಾಡುವ ಕ್ಯಾಪಾಸಿಟರ್ ಹೋಗಿರುತ್ತದೆ. ಅದು ಅಗ್ಗದ ವಸ್ತು, ಆದರೆ ವಿದ್ಯುತ್ ತೆಗೆದ ಮೇಲೂ ಆಘಾತ ಕೊಡಬಲ್ಲದು, ಕೈ ಹಾಕಬೇಡಿ. ವಿದ್ಯುತ್ ಮಿತಿಮೀರಿ ಹರಿದಾಗ ತಾನಾಗಿ ಬೀಳುವ ಸ್ವಿಚ್ಚಾದ ಎಂಸಿಬಿ ಪದೇ ಪದೇ ಬಿದ್ದರೂ ಹಾಗೆಯೇ, ದೊಡ್ಡ ಎಂಸಿಬಿ ಹಾಕಿಸುವ ಬದಲು ವೈರನ್ನು ಪರೀಕ್ಷಿಸಬೇಕು.

ಏಸಿ ಹಾಕಿದ ಮೊದಲ ನಿಮಿಷ ಬರುವ ಒದ್ದೆ ಸಾಕ್ಸಿನ ವಾಸನೆಗೂ ಉಳಿದ ನೀರೇ ಕಾರಣ. ನಿಲ್ಲಿಸುವ ಮೊದಲು ಕಾಲು ಗಂಟೆ ಬರಿಯ ಫ್ಯಾನ್ ಓಡಿಸಿ ಕಾಯಿಲನ್ನು ಒಣಗಿಸಿದರೆ ಬೂಷ್ಟು ಕಟ್ಟುವುದಿಲ್ಲ. ಜುಲೈನಲ್ಲಿ ಹೊರಗೆ 27 ಡಿಗ್ರಿ ಇದ್ದು ಗೋಡೆಗಳೇ ಬೆವರುವಾಗ ನಾವು ರಿಮೋಟಿನಲ್ಲಿ ಕೂಲ್ ಬದಲು ಡ್ರೈ ಒತ್ತುತ್ತೇವೆ. ಫ್ಯಾನ್ ನಿಧಾನವಾಗಿ ತಿರುಗಿ ಗಾಳಿ ಕಾಯಿಲಿನ ಮೇಲೆ ಹೆಚ್ಚು ಹೊತ್ತು ನಿಂತು ನೀರು ಬಿಡುತ್ತದೆ. 2020ರ ಜನವರಿಯಿಂದ ನಕ್ಷತ್ರಪಟ್ಟಿಯ ಏಸಿಗಳು ಕಾರ್ಖಾನೆಯಿಂದಲೇ 24 ಡಿಗ್ರಿಗೆ ಹೊಂದಿಸಿಕೊಂಡು ಬರುತ್ತವೆ, ಒಂದೊಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ ಆರರಷ್ಟು ವಿದ್ಯುತ್ ಉಳಿಯುತ್ತದೆಂಬುದು ಬಿಇಇಯ ಲೆಕ್ಕ. ನೀರು ಸರಿಯಾಗಿ ಇಳಿಯುತ್ತಿದ್ದರೆ 26 ಡಿಗ್ರಿ ಮತ್ತು ಮೇಲಿನ ಫ್ಯಾನಿನ ಎರಡನೆಯ ವೇಗ ನಮಗೆ ಬೇಕಾದಷ್ಟಾಗುತ್ತದೆ.

ಹೊಸ ಏಸಿ ಬಂದ ಮೇ ತಿಂಗಳಲ್ಲಿ ಒಂದು ರಾತ್ರಿ ಡ್ರೇನ್ ಪೈಪಿನ ಕೆಳಗೆ ಬಕೆಟ್ ಇಟ್ಟು ನೋಡಿದೆ. ಬೆಳಗ್ಗೆ ಆರು ಲೀಟರಿಗೂ ಹೆಚ್ಚು ನೀರಿತ್ತು. ಅದಕ್ಕೆ ಮೊದಲು ಅಷ್ಟೂ ನೀರು ಮೂರನೆಯ ಮಹಡಿಯವರ ಕಿಟಕಿಯ ತಗಡಿನ ಮೇಲೆ ಟಕ್, ಟಕ್ ಎಂದು ರಾತ್ರಿಯಿಡೀ ಬೀಳುತ್ತಿತ್ತಂತೆ. ಅವರು ನೇರವಾಗಿ ನಮಗೆ ಹೇಳದೆ ಸೆಕ್ರೆಟರಿಯವರಿಗೆ ಪತ್ರ ಬರೆದರು, ನಾನು ಹೋಗಿ ಕ್ಷಮೆ ಕೇಳಿ, ಪೈಪನ್ನು ಹದಿನೆಂಟು ಅಡಿ ಉದ್ದ ಮಾಡಿಸಿ ಮಳೆನೀರಿನ ಕೊಳವೆಗೆ ಸೇರಿಸಿದೆ. ಬೇಸಿಗೆಯಲ್ಲಿ ಮಾತ್ರ ಅದನ್ನು ಕಳಚಿ ಬಕೆಟ್ಟಿಗೆ ಬಿಡುತ್ತೇವೆ, ತುದಿ ನೀರಿಗೆ ತಾಗದಂತೆ. ಕುಡಿಯಲು ಯೋಗ್ಯವಲ್ಲದ ಆ ನೀರಿನಲ್ಲಿ ನನ್ನ ಹೆಂಡತಿ ನೆಲ ಒರೆಸುತ್ತಾಳೆ. ಮಾವನವರು ಬಂದಾಗ ಬೆಳಗ್ಗೆ ಎದ್ದವರೇ ಬಕೆಟ್ ಇಣುಕಿ, ರಾತ್ರಿ ಎಷ್ಟು ನೀರು ಬಿತ್ತೆಂದು ನನಗೆ ವರದಿ ಕೊಡುತ್ತಾರೆ.